ಹಾನಿಯ ಕಾರಣ

ನೂರು ಮೀಟರು ಆಳದವರೆಗೆ ಗ್ಯಾರಂಟಿ ಎಂದು
ಅದರ ಕುತ್ತಿಗೆಯಲ್ಲೇ ಕೊರೆದಿತ್ತು.
ನಾನು ಇಳಿದದ್ದು ನಾಲ್ಕು.
ಮಲ್ಪೆ ಧಕ್ಕೆಯ ಬಾಯಲ್ಲಿ, ಬೆಳಗಿನ ಜಾವ,
ಫ್ಯಾನಿಗೆ ಯಾರದೋ ಹರಿದ ಬಲೆ ಸುತ್ತಿ
ನಿಂತುಬಿಟ್ಟಿದ್ದ ಬೋಟಿನ ಕೆಳಗೆ.

ಬೆಳಕು ಮೊದಲು ಹಾಲಾಯಿತು,
ಆಮೇಲೆ ನೀರುಮಜ್ಜಿಗೆ,
ಆಮೇಲೆ ಗಾಜಿನೊಳಗೆ ಅರ್ಧ ಚಮಚ ಸಮುದ್ರ
ಅತ್ತಿತ್ತ ತುಳುಕಿತು, ಅಷ್ಟೆ.

ಹದಿನೆಂಟು ಸಾವಿರದ ಟಾರ್ಚು, ಮಾರಾಯ್ರೆ.
ಕೊಂಡ ದಿನ ತಾಂಡೇಲ ಶೀನ ಮೆಂಡನ್ ಕೇಳಿದ್ದ:
ಇಷ್ಟು ದುಡ್ಡಿಗೆ ಹುಣ್ಣಿಮೆಯನ್ನೇ
ಬಾಡಿಗೆಗೆ ತರಬಹುದಿತ್ತಲ್ಲ ವಾಸಣ್ಣ?
ನಾನು ಮಾತಾಡಲಿಲ್ಲ.
ಅವನು ಫ್ಯಾನಿನ ಎಲೆಗಳ ನಡುವೆ ತೋಳು ತೂರಿಸಿ,
ಮೇಲೆ ಇಂಜಿನಿನ ಹತ್ತಿರ ಈಗ ಯಾರಿದ್ದಾರೆ
ಎಂದು ಯೋಚಿಸಿದವನಲ್ಲ.

ರಸೀದಿ ಇತ್ತು. ಜಲಜ ಅದನ್ನು
ಗ್ಯಾಸಿನ ಪುಸ್ತಕದೊಳಗೆ ಜೋಪಾನ ಮಾಡಿದ್ದಳು.
ಮಡಿಕೆ ಬಿದ್ದಲ್ಲಿ ಶಾಯಿ ಮಾಸಿ
ಹದಿನೆಂಟರ ಒಂದು ಹಾರಿಹೋಗಿತ್ತು.
ಒಳ್ಳೆಯದೇ ಆಯಿತು.
ನಾನು ಅವಳಿಗೆ ಹೇಳಿದ್ದೂ ಎಂಟೇ.

ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು. ಕೂಳೂರು ಸೇತುವೆಯಲ್ಲಿ
ಅರ್ಧ ಗಂಟೆ. ಟಾರ್ಚು ಮಡಿಲಲ್ಲಿ,
ಬೈರಾಸಿನಲ್ಲಿ ಸುತ್ತಿ, ಜ್ವರ ಬಂದ ಮಗುವಿನಂತೆ.
ಹಂಪನಕಟ್ಟೆಯ ಹಿಂದಿನ ಓಣಿ, ಎರಡನೇ ಮಹಡಿ,
ಕೌಂಟರಿನಲ್ಲಿ ಫ್ಲೇವಿಯಾ ಎಂಬ ಹುಡುಗಿ.

"ನೀರಿಗೆ ಬಿತ್ತಾ ಅಂಕಲ್?"
"ಈಚೆ ಬದಿಗೆ ಬಂದು ಹೇಳಿ, ಆ ಕಿವಿ ಕೇಳುವುದಿಲ್ಲ."
"ನೀರಿಗೆ! ಬಿತ್ತಾ!"
"ಬಿದ್ದದ್ದಲ್ಲ. ನಾನೇ ಕೊಂಡುಹೋದದ್ದು."

ಅವಳು ಪೆನ್ನು ಕಚ್ಚಿದಳು.
ಒಂಬತ್ತನೇ ಕಾಲಂ: ಹಾನಿಯ ಕಾರಣ.
ಸಮುದ್ರ ಎಂದು ಬರೆದೆ.
ಕಂಪ್ಯೂಟರಿಗೆ ಅದು ಆಗುವುದಿಲ್ಲವಂತೆ.
ಅದರಲ್ಲಿ ಇದ್ದದ್ದು ನಾಲ್ಕೇ:
ಕೈಜಾರಿ ಬಿದ್ದದ್ದು, ಬೆಂಕಿ, ಬ್ಯಾಟರಿ ಸೋರಿದ್ದು, ಇತರೆ.
ಹೀಗೆ ಅರಬ್ಬಿ ಸಮುದ್ರ ಇತರೆಗೆ ಸೇರಿತು.
"ನಿಮ್ಮ ತಪ್ಪು ಅಂತ ಬಂದರೆ ವಾರಂಟಿ ಇಲ್ಲ" ಎಂದಳು,
ಆಮೇಲೆ ಮೆಲ್ಲಗೆ, ಸರಿಯಾದ ಕಿವಿಗೆ:
"ನಾನು ಚೆನ್ನಾಗಿ ಬರೆದಿದ್ದೇನೆ."

ನಲವತ್ತೊಂದು ದಿನ.
ಇನ್ನೂರು ರೂಪಾಯಿಯ ಟಾರ್ಚಿಗೆ
ಪ್ಲಾಸ್ಟಿಕ್ ಕಟ್ಟಿ ಇಳಿದೆ, ಎರಡೇ ಮುಳುಗಿಗೆ ಸತ್ತಿತು.
ಮತ್ತೆ ಬೆರಳುಗಳೇ.
ಬರ್ನಾಕಲ್ಲಿನ ಹಲ್ಲು, ನೈಲಾನಿನ ಗಂಟು,
ಶಾಫ್ಟಿಗೆ ಕರಗಿ ಅಂಟಿದ ಹಗ್ಗ.
ಚಾಕುವಿನ ತುದಿ ಎಲ್ಲಿದೆ ಎಂದು ತಿಳಿಯಲು
ಒಮ್ಮೊಮ್ಮೆ ಹೆಬ್ಬೆರಳನ್ನೇ ಕೇಳಬೇಕಾಯಿತು.
ಶೀನ ಹುಣ್ಣಿಮೆಯ ಮಾತು ಮತ್ತೆ ಎತ್ತಲಿಲ್ಲ;
ನಾನು ಕೆಳಗಿರುವಷ್ಟು ಹೊತ್ತೂ
ಇಂಜಿನಿನ ಚಾವಿ ಅವನ ಮುಷ್ಟಿಯಲ್ಲೇ ಇತ್ತಂತೆ.

ಶನಿವಾರ ಕೊರಿಯರು ಬಂತು. ನಾನು ಧಕ್ಕೆಯಲ್ಲಿ.
ಸಹಿ ಹಾಕಿದ್ದು ಜಲಜ, ಬಿಚ್ಚಿದ್ದೂ ಅವಳೇ.
ಹೊಸ ಗಾಜು, ಹೊಸ ರಬ್ಬರು ಬಳೆ. ಬಿಲ್ಲು: ಸೊನ್ನೆ.
ಜೊತೆಗೊಂದು ಚೀಟಿ, ಅದಕ್ಕೆ ಪಿನ್ನು ಚುಚ್ಚಿದ
ಚಿಕ್ಕ ಪ್ಲಾಸ್ಟಿಕ್ ಲಕೋಟೆ.
ಒಳಗೆ ಉಗುರಿನ ಚೂರಿನಷ್ಟು ಏನೋ ಹೊಳೆಯುತ್ತಿತ್ತು.
ಚೀಟಿಯಲ್ಲಿ: ಬಳೆಯಡಿ ಸಿಕ್ಕಿದ ವಸ್ತು, ಇದರಿಂದ ಸೋರಿಕೆ.
ಈ ಸಲಕ್ಕೆ ಉಚಿತ.

ಅವಳು ಅದನ್ನು ಕಿಟಕಿಗೆ ಹಿಡಿದಳು.
ಇಪ್ಪತ್ತು ವರ್ಷ ಬುಟ್ಟಿ ಹೊತ್ತವಳು,
ಅವಳಿಗೆ ಚೀಟಿ ಬೇಕೇ?
"ಬೂತಾಯಿದು" ಎಂದಳು.

ಹಿತ್ತಿಲಲ್ಲಿ ಅವಳು ಬೂತಾಯಿ ಹೆರೆಯುತ್ತಿದ್ದ ಮಣೆಯ ಪಕ್ಕ
ಕುಳಿತು ನಾನು ಬ್ಯಾಟರಿ ಬದಲಿಸಿದ ಸಂಜೆ
ಇಬ್ಬರಿಗೂ ನೆನಪಾಯಿತು.
ಅಂದು ಹುರುಪೆ ಎಲ್ಲೆಡೆ ಹಾರುತ್ತಿತ್ತು,
ನನ್ನ ಮೀಸೆಯಲ್ಲೂ. ಅವಳು ನಕ್ಕಿದ್ದಳು.

ಆಮೇಲೆ ಅವಳು ಚೀಟಿಯ ಕೆಳತುದಿ ಓದಿದಳು.
ಸರಕಿನ ಬೆಲೆ: ಹದಿನೆಂಟು ಸಾವಿರದ ನಾನೂರು.
ಅಕ್ಷರದಲ್ಲೂ ಇತ್ತು, ಅಂಕೆಯಲ್ಲೂ.

ನಾನು ಹುರುಪೆಯನ್ನು ನೋಡಿದೆ.
ಅವಳು ನನ್ನನ್ನು ನೋಡಿದಳು.
ಒಲೆಯ ಮೇಲೆ ಗಂಜಿ ಉಕ್ಕುವ ಸದ್ದು
ನನ್ನ ಕೆಟ್ಟ ಕಿವಿಗೂ ಕೇಳಿತು.

ಚೀಟಿ, ಲಕೋಟೆ ಎರಡನ್ನೂ ಒಟ್ಟಿಗೆ ಮಡಿಚಿ
ಅವಳು ಗ್ಯಾಸಿನ ಪುಸ್ತಕದೊಳಗೆ ಇಟ್ಟಳು.
"ಇನ್ನು ಮುಂದೆ ಬ್ಯಾಟರಿ ಒಳಗೆ ಕೂತು ಹಾಕಿ" ಎಂದಳು.